ಹನ್ನೊಂದು ಸೆಕೆಂಡು ಓಡಿದ ಎಂಜಿನ್

ಅಕ್ಕಾ,

ಹಿತ್ತಲ ಶೆಡ್ಡಿನ ಬಾಗಿಲು ತೆರೆದೇ ಇರಲಿ, ಹೊಗೆ ಇನ್ನೂ ಹೋಗಿಲ್ಲ. ನಿನ್ನ ಹಳೇ ಕಬ್ಬಿಣದ ಮಂಚ ಎಲ್ಲಿ ಅಂತ ಹುಡುಕಬೇಡ. ಅದನ್ನೇ ಕತ್ತರಿಸಿ, ವೆಲ್ಡಿಂಗ್ ಮಾಡಿ, ಅಪ್ಪನ ಬೈಕಿನ ಎಂಜಿನ್ ಕೂರಿಸಿ ಓಡಿಸಿ ನೋಡಲು ಸ್ಟ್ಯಾಂಡ್ ಮಾಡಿದ್ದೇನೆ. ಬೈಯುವುದಿದ್ದರೆ ಸಂಜೆ ಬೈ.

ಟ್ಯಾಂಕಿನ ಬದಲು ಎಂಜಿನ್ ಮೇಲೆ ನೇತುಹಾಕಿರುವ ಗ್ಲೂಕೋಸ್ ಬಾಟಲಿಯಲ್ಲಿರುವುದು ಪೆಟ್ರೋಲ್. ಮುಟ್ಟಬೇಡ, ಆ ಕಡೆ ಬೆಂಕಿಕಡ್ಡಿ ಗೀರಲೇಬೇಡ.

ಬೆಳಿಗ್ಗೆ ಕಿಕ್ ಹೊಡೆದೂ ಹೊಡೆದೂ ಕಾಲು ಬಿದ್ದುಹೋಗಿತ್ತು. ಇಪ್ಪತ್ತೆಂಟು ವರ್ಷ ಉಸಿರೆತ್ತದೆ ಕೂತಿದ್ದದ್ದು ಒಮ್ಮೆ ಕೆಮ್ಮಿತು, ಆಮೇಲೆ ಹನ್ನೊಂದು ಸೆಕೆಂಡು ಓಡಿತು! ಸ್ಟ್ಯಾಂಡ್ ಕುಣಿಯುತ್ತಾ ಗೋಡೆಯವರೆಗೂ ಹೋಯಿತು. ಗಾಬರಿಯಾಗಿ ನಾನೇ ಸ್ವಿಚ್ ಆರಿಸಿದೆ. ಪಕ್ಕದ ಮನೆ ಟೈಲರ್ ಓಡಿಬಂದು, "ಏನಮ್ಮಾ, ಗೋಡೆ ಗೀಡೆ ಬಿತ್ತಾ?" ಅಂದರು. ಮತ್ತೆ ಬಂದರೆ ನೀನೇ ಸಮಾಧಾನ ಹೇಳು.

ಒಂದು ವಿಷಯ ಮಾತ್ರ ಆಗಿನಿಂದ ತಲೆ ತಿನ್ನುತ್ತಿದೆ. ಆ ಶಬ್ದ ಸರಿಯಿತ್ತಾ? ಅಪ್ಪ ಹೋದಾಗ ನಾನು ತೊಟ್ಟಿಲಲ್ಲಿದ್ದೆ. ದಿನಾ ಸಂಜೆ ಆ ಸದ್ದು ಕೇಳಿ ಗೇಟಿಗೆ ಓಡುತ್ತಿದ್ದವಳು ನೀನು. ಅದು ದಡದಡ ಅನ್ನುತ್ತಿತ್ತಾ, ಡುಗುಡುಗು ಅನ್ನುತ್ತಿತ್ತಾ?

ಆರಕ್ಕೆ ಬಂದು, ಸ್ಟ್ಯಾಂಡನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದು, ಮತ್ತೆ ಸ್ಟಾರ್ಟ್ ಮಾಡುತ್ತೇನೆ. "ಗುಜರಿ ಸಾಮಾನು" ಅಂತ ಮೂತಿ ತಿರುಗಿಸದೆ, ಗೇಟಿನ ಹತ್ತಿರ ನಿಂತು ಕೇಳು. ಅಪ್ಪ ಬಂದರು ಅನ್ನಿಸಿದರೆ ಕೂಗು. ಅನ್ನಿಸದಿದ್ದರೆ ಅದನ್ನೂ ಮುಚ್ಚಿಡದೆ ಹೇಳು, ಕಾರ್ಬುರೇಟರ್ ಇನ್ನೊಮ್ಮೆ ಬಿಚ್ಚುತ್ತೇನೆ.

ಪುಟ್ಟಿ