ಒಟ್ಟಿಗೆ ಬಂದ ಐದು ತಿಂಗಳ ಸಂಬಳ

ದಾದರ್, ಗುರುವಾರ

ಮಾನ್ಯ ಕುಂದರ್ ಅಣ್ಣನವರಿಗೆ,

ನೀವು ಹಡಗಿನ ಕೆಲಸಕ್ಕೆ ಸೇರಿಸಿದ ಸಂದೀಪರ ಹೆಂಡತಿ ಜ್ಯೋತ್ಸ್ನಾಳ ನಮಸ್ಕಾರ.

ಇವರ ವರ್ಷದ ಸಂಬಳವನ್ನು ಹನ್ನೆರಡು ಪಾಲು ಮಾಡಿ ಪ್ರತಿ ಒಂದನೇ ತಾರೀಕಿಗೆ ನನ್ನ ಖಾತೆಗೆ ಹಾಕುವುದು ನಿಮ್ಮ ಕಂಪನಿಯ ಪದ್ಧತಿ. ನಿನ್ನೆ, ಹದಿನೇಳಕ್ಕೆ, ಉಳಿದ ಐದು ತಿಂಗಳದ್ದೂ ಒಟ್ಟಿಗೆ ಬಂದಿದೆ. ಫೋರ್ಟ್‌ನಲ್ಲಿರುವ ಕಂಪನಿ ಆಫೀಸಿಗೆ ಫೋನ್ ಮಾಡಿದೆ. "ಮೇಡಂ, ಮನೇಲಿ ದೊಡ್ಡವರು ಯಾರಿದ್ದಾರೆ? ಅವರನ್ನ ಕರ್ಕೊಂಡೇ ಬನ್ನಿ" ಎಂದಳು ಅಲ್ಲಿನ ಹುಡುಗಿ. ಯಾಕೆಂದು ನಾನು ಕೇಳಲಿಲ್ಲ. ಹತ್ತು ದಿನದಿಂದ ಇವರ ಫೋನಿಲ್ಲ. ಸಮುದ್ರದ ನಡುವೆ ಸಿಗ್ನಲ್ ಸಿಗುವುದಿಲ್ಲವೆಂದು ಅತ್ತೆಗೆ ಹೇಳಿದ್ದೇನೆ.

ಅಣ್ಣ, ಎಲ್ಲೋ ಲೆಕ್ಕ ತಪ್ಪಿರಬೇಕು. ದಯವಿಟ್ಟು ಹಣ ವಾಪಸ್ ತೆಗೆದುಕೊಂಡು, ಮೊದಲಿನಂತೆ ತಿಂಗಳು ತಿಂಗಳು ಹಾಕಿಸಿ. ನನಗೇನೂ ಅವಸರವಿಲ್ಲ.

ಉತ್ತರವನ್ನು ಅಂಚೆಯಲ್ಲೇ ಕಳಿಸಿ. ಮನೆಗೆ ಮಾತ್ರ ಯಾರನ್ನೂ ಕಳಿಸಬೇಡಿ.

ಇಂತಿ,
ಜ್ಯೋತ್ಸ್ನಾ ಸಂದೀಪ