ಒಂದು, ಮೂರು, ಐದು

ಜಿಮ್ ಮಾಸ್ಟರ್ ಅವರಿಗೆ,

ನಮಸ್ಕಾರ. ನೀವು ಕಳಿಸಿದ ಹೊಸ ವರ್ಷದ ಗುರಿಗಳ ಹಾಳೆ ತಲುಪಿತು. ಹೋದ ವರ್ಷ ಇಬ್ಬರದ್ದನ್ನೂ ನಮ್ಮ ಯಜಮಾನರೇ ತುಂಬಿದ್ದರು. ಹತ್ತು ಕೆಜಿ ಇಳಿಸ್ತೀವಿ ಅಂತ ಬರೆದುಕೊಟ್ಟು, ವಾಪಸ್ ಬರ್ತಾ ಸೀದಾ ಬೇಕರಿಗೆ ನುಗ್ಗಿದ್ದರು. "ಆಗೋ ಮಾತು ಬರೀರಿ ಸಾರ್" ಅಂತ ನೀವು ಗದರಿದ್ದು ನೆನಪಿದೆ.

ಅವರು ತೀರಿಕೊಂಡು ಮೂರು ತಿಂಗಳಾಯ್ತು. ಹಾಳೆಯಲ್ಲಿ ಇನ್ನೂ ಇಬ್ಬರ ಹೆಸರಿದೆ, ಅವರದ್ದನ್ನ ತೆಗೆಸಿಬಿಡಿ. ಅಲ್ಲಿನ ಕಪಾಟಿನಲ್ಲಿ ಅವರ ಶೂ ಇದೆ, ಒಂಬತ್ತನೇ ನಂಬರು. ಯಾರ ಕಾಲಿಗಾದರೂ ಆದರೆ ಕೊಡಿ.

ಈ ಸಲ ಆಗೋ ಮಾತೇ ಬರೀತೀನಿ. ತೂಕ ತಾನಾಗೇ ಇಳಿದಿದೆ, ಅದು ಬೇಡ. ನಾವು ಜೊತೆಗೆ ಬಸ್ಕಿ ಹೊಡೆಯುವಾಗ ಒಂದು, ಮೂರು, ಐದು ಅವರು ಎಣಿಸ್ತಿದ್ದರು. ಎರಡು, ನಾಲ್ಕು, ಆರು ನಾನು. ನಿಮಗೆ ನಗು ಬರ್ತಿತ್ತು. ಈಗ ಮನೆಯಲ್ಲಿ ಕುರ್ಚಿ ಹಿಡಿದು ನಿಲ್ತೀನಿ, ಸ್ವಲ್ಪ ಹೊತ್ತು ಕಾಯ್ತೀನಿ, ಮತ್ತೆ ಕೂತ್ಕೊಳ್ತೀನಿ.

ಗುರಿಯ ಜಾಗದಲ್ಲಿ ಇಷ್ಟೇ ಬರ್ಕೊಳ್ಳಿ: "ಒಂದು" ಅಂತ ನಾನೇ ಹೇಳೋದು.

ಮಾರ್ಚ್ ತನಕ ಟೈಮು ಕೊಡಿ.

ಇತಿ,
ಬೆಳಗಿನ ಆರೂವರೆ ಬ್ಯಾಚಿನ ಟೀಚರಮ್ಮ