ಒಂದೇ ಟೊಂಗೆಗೆ ಎರಡು ಹಗ್ಗ

ಎಡ್ವರ್ಡಣ್ಣಾ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಈ ರವಿವಾರ ಚರ್ಚಿನಲ್ಲಿ ನೀನು ಮತ್ತೆ ಎದ್ದು ನಿಂತು ದೇವರ ಉಪಕಾರದ ಸಾಕ್ಷಿ ಹೇಳುತ್ತೀಯಂತೆ. ನನ್ನ ಗಂಡನಿಗೆ ಬಿಳಿ ಅಂಗಿ ತೊಡಿಸಿ ಕರೆದುಕೊಂಡು ಬಾ ಎಂದು ಹೇಳಿಕಳಿಸಿದ್ದೀಯ. "ಸುಜೀತ ನನ್ನ ಬಾಜೂಕ ಬಂದು ನಿಂತರ ಸಾಕು, ಮಾತಾಡೋದು ನಾ ಮಾತಾಡ್ತೇನಿ" ಎಂದೂ ಅಂದೆಯಂತೆ. ಮಾತಿನಲ್ಲಿ ನಿನ್ನನ್ನು ಸೋಲಿಸುವವರು ಬೀದರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ ಬಿಡು. ಸುಜೀತ ಬರುವುದಿಲ್ಲ. ಯಾಕೆ ಎಂದು ಫೋನಿನಲ್ಲಿ ಹೇಳಹೋದರೆ ನೀನು ನಡುವೆಯೇ ಬಾಯಿ ಹಾಕುತ್ತೀ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಮರ ಸವರುವ ಗುಂಪು ಕಟ್ಟಿದ ಹೊಸದರಲ್ಲಿ ಸುಜೀತ ಹೈದರಾಬಾದಿನಲ್ಲಿ ಆ ಕೆಲಸ ಕಲಿತು ಬಂದಿದ್ದ. ಕಮಠಾಣದ ನಮ್ಮ ಮನೆಯ ಮುಂದಿನ ಬೇವಿನ ಮರ ಹತ್ತಿ ನಿಮಗೆಲ್ಲ ತೋರಿಸಿದ, ನೆನಪಿದೆಯೇ? ಒಂದು ಹಗ್ಗ ಒಂದು ಟೊಂಗೆಗೆ, ಇನ್ನೊಂದು ಬೇರೆಯದೇ ಟೊಂಗೆಗೆ, ಎರಡೂ ಬಂದು ಸೊಂಟದ ಪಟ್ಟಿಗೆ. ಒಂದನ್ನು ಬಿಚ್ಚಿ ಮುಂದೆ ಕಟ್ಟುವಾಗ ಇನ್ನೊಂದು ಹಿಡಿದಿರುತ್ತದೆ. ಗರಗಸದ ಹಲ್ಲು ತಾಗಿ ಒಂದು ಹರಿದರೂ, ಕಟ್ಟಿದ ಟೊಂಗೆಯೇ ಮುರಿದರೂ, ಮನುಷ್ಯ ಮೇಲೆಯೇ ಉಳಿಯುತ್ತಾನೆ. ಇದರಲ್ಲಿ ತಿಳಿಯದೆ ಇರುವಂಥದ್ದು ಏನೂ ಇಲ್ಲ. ನೀನು ಮಾತ್ರ ಮೀಸೆಯ ಮೇಲೆ ಕೈಯಾಡಿಸಿ, "ಗಂಡಸಿಗಿ ಒಂದು ಹಗ್ಗ ಸಾಕು. ಎರಡನೇದು ಹೆಣ್ತಿ ಹಗ್ಗ" ಎಂದೆ.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದೆ, ನೀನು ನನ್ನ ಮುಖ ನೋಡಿಯೇ ನಕ್ಕೆ. ಅಂದಿನಿಂದ ಗುಂಪಿನಲ್ಲಿ ಅದೇ ಹೆಸರು ನಿಂತಿತು. ಯಾರಾದರೂ ಎರಡನೆಯ ಹಗ್ಗ ಕೈಗೆತ್ತಿಕೊಂಡರೆ, "ಯಾಕೋ, ಹೆಣ್ತೀನ ಸಂಗಾಟ ಕರಕೊಂಡು ಹತ್ತಲತ್ತಿ ಏನು?" ಎಂದು ಕೆಳಗಿನಿಂದ ಕೂಗುವವನು ನೀನೇ. ಪಾಪ, ಹುಡುಗರು ನಾಚಿಕೊಂಡು ಹಗ್ಗವನ್ನು ಮತ್ತೆ ಟೆಂಪೋದಲ್ಲಿ ಎಸೆಯುತ್ತಿದ್ದರು. ನಾಚದೆ ಕಟ್ಟಿಕೊಂಡವನು ಸುಜೀತ ಒಬ್ಬನೇ.

ನಗುವವನು ತಾನಾದರೂ ಹತ್ತುವವನಾಗಿದ್ದರೆ ಸಹಿಸಬಹುದಿತ್ತು. ಚಿಕ್ಕವರಿದ್ದಾಗ ಮಿಷನ್ ಕಂಪೌಂಡಿನ ಹುಣಸೆ ಮರಕ್ಕೆ ನನ್ನನ್ನು ಹತ್ತಿಸಿ ನೀನು ಕೆಳಗೆ ಅಂಗಿಯ ಚುಂಗು ಹಿಡಿದು ನಿಲ್ಲುತ್ತಿದ್ದೆ. ಮನೆಗೆ ಬಂದು ಅವ್ವನ ಮುಂದೆ, "ನಾನೇ ಹತ್ತಿ ಹುಣಸಿಕಾಯಿ ಹರಿದೀನಿ" ಎನ್ನುತ್ತಿದ್ದೆ. ಮೊಣಕೈ ಕೆತ್ತಿಸಿಕೊಂಡ ನಾನು ಸುಮ್ಮನಿರುತ್ತಿದ್ದೆ, ಯಾಕೆಂದರೆ ನೀನು ನನ್ನ ಅಣ್ಣ. ಎತ್ತರಕ್ಕೆ ಹೆದರುವುದು ತಪ್ಪೇನಲ್ಲ. ಆದರೆ ನೆಲ ಬಿಟ್ಟು ಮೊಳ ಮೇಲೆ ಹೋಗದವನು ಮೇಲಿದ್ದವರ ಎಚ್ಚರಿಕೆಗೆ ಹಲ್ಲು ಕಿರಿಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಆಮೇಲೆ ಕೊಳಾರದ ಕಾರ್ಖಾನೆಯ ಕೆಲಸ ಬಂತು. ಅಲ್ಲಿಯ ಸಾಹೇಬರು, ಎರಡು ಹಗ್ಗವಿಲ್ಲದೆ ನಮ್ಮ ಕಂಪೌಂಡಿನಲ್ಲಿ ಯಾರೂ ಮರ ಹತ್ತಕೂಡದು ಎಂದರು. ಆಗ ನೋಡಬೇಕಿತ್ತು ನಿನ್ನ ಭಕ್ತಿಯನ್ನು. ಹೊಸ ಹಗ್ಗ ತಂದೆ, ಕೇಸರಿ ಬಣ್ಣದ್ದು, ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು. ಆದರೆ ಬೇರೆ ಬೇರೆ ಟೊಂಗೆ ಹುಡುಕಿ ಕಟ್ಟಲು ಹೊತ್ತು ಹಿಡಿಯುತ್ತದೆಂದು ಎರಡನ್ನೂ ಒಂದೇ ಟೊಂಗೆಗೆ ಬಿಗಿಸಿದೆ. ಸುಜೀತ ಬೇಡ ಎಂದದ್ದಕ್ಕೆ, "ಸಾಹೇಬರು ಹಗ್ಗ ಎಣಿಸ್ತಾರ, ಟೊಂಗಿ ಎಣಸಂಗಿಲ್ಲ. ಎರಡು ಕಾಣಲತ್ತಾವಿಲ್ಲ? ಮುಗೀತು" ಎಂದೆ. ಗುಂಪಿನವರು ನಿನ್ನಿಂದ ಕಲಿತದ್ದು ಇದನ್ನೇ.

ಔರಾದಿನಲ್ಲಿ ಸುಜೀತ ಬೇವಿನ ಮರ ಹತ್ತಿದ ದಿನ ನಾನು ಅಲ್ಲೇ ಇದ್ದೆ ಎಂಬುದನ್ನು ನೀನು ಮರೆತಂತೆ ಕಾಣುತ್ತದೆ. ಎಕಂಬಾದ ನಾದಿನಿಯ ಮನೆಗೆ ಹೋಗಿದ್ದವಳು ಬುತ್ತಿ ತಂದು ಆ ಮರದ ಆಚೆ ಕೂತಿದ್ದೆ. ನೀನು ಕೆಳಗಿನಿಂದ ಬೆರಳು ಮಾಡಿ ಒಂದು ದಪ್ಪ ಟೊಂಗೆ ತೋರಿಸಿದೆ. ಸುಜೀತ ಮೊದಲ ಹಗ್ಗವನ್ನು ಅದಕ್ಕೇ ಕಟ್ಟಿದ. ಎರಡನೆಯದನ್ನು ಬೊಡ್ಡೆಯ ಇನ್ನೊಂದು ಮಗ್ಗುಲಿನ ಕವಲಿಗೆ ಒಯ್ದ. "ಏ, ಅದನೂ ಇದಕ್ಕೇ ಕಟ್ಟು, ಹೊತ್ತು ಹೋಗ್ಲತ್ತದ" ಎಂದು ನೀನು ಒದರಿದೆ. "ಇರಲಿ ಬಿಡ್ರಿ ಅಣ್ಣಾರ" ಎಂದು ಅವನು ತನ್ನ ಪಾಡಿಗೆ ಗಂಟು ಹಾಕಿದ. ನೀನು ಬೈದ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ, ಚರ್ಚಿಗೆ ಹೋಗುವವನ ಬಾಯಿ ಅದು.

ನೀನು ತೋರಿಸಿದ ಟೊಂಗೆಯ ಒಳಗನ್ನು ಗೆದ್ದಲು ತಿಂದು ಟೊಳ್ಳು ಮಾಡಿತ್ತು. ಅದು ಹಗ್ಗದ ಸಮೇತ ಲಟಕ್ಕನೆ ಮುರಿದು ಬಿತ್ತು. ಸುಜೀತ ತೂರಾಡಿ ಹೋಗಿ ಬೊಡ್ಡೆಗೆ ಬಡಿದ, ಎಡಭುಜದ ಎಲುಬು ಮುರಿಯಿತು. ಆದರೆ ಕವಲಿನ ಹಗ್ಗ ಬಿಡಲಿಲ್ಲ. ಒಂದೇ ಕೈಯಲ್ಲಿ ಹಗ್ಗ ಸಡಲಿಸುತ್ತ ಸಡಲಿಸುತ್ತ ಅವನು ಇಳಿದು ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬಂದಿತ್ತು. ಅವನ ಕಾಲು ನೆಲಕ್ಕೆ ತಾಗಿದಾಗ ನೀನು ಕೇಳಿದ ಮೊದಲ ಮಾತು, "ಮಷೀನ್ ಸಲಾಮತ್ ಅದ ಇಲ್ಲ?" ಅಣ್ಣಾ, ಅಷ್ಟು ಹೊತ್ತಿನಲ್ಲೂ ನಿನಗೆ ಗರಗಸದ ಚಿಂತೆ.

ಇಷ್ಟಾದ ಮೇಲೆ, ಅವನು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ, ನೀನು ಚರ್ಚಿನಲ್ಲಿ ಎದ್ದು ನಿಂತೆ. "ಎರಡು ಹಗ್ಗ ಕಟ್ಟಸಬೇಕು ಅಂತ ದೇವರು ನನ್ನ ಮನಸ್ಸಿನಾಗ ಹಾಕಿದ್ದ. ಅದಕ್ಕ ನನ್ನ ತಂಗಿಯ ಕುಂಕುಮ ಉಳೀತು" ಎಂದೆ. ನಾವು ಕುಂಕುಮ ಹಚ್ಚುವವರೇ ಅಲ್ಲ ಎಂಬುದೂ ಆ ಭರದಲ್ಲಿ ನಿನಗೆ ನೆನಪಾಗಲಿಲ್ಲ. ಸಭೆ ಸ್ತೋತ್ರ ಹೇಳಿತು. ಯಾರೋ ಅದನ್ನು ಮೊಬೈಲಿನಲ್ಲಿ ತೆಗೆದು ಊರೆಲ್ಲ ಹಂಚಿದರು.

ನಿನ್ನ ಬಡಾಯಿ ಚರ್ಚಿನ ಗೋಡೆಯೊಳಗೆ ಉಳಿದಿದ್ದರೆ ನಾನು ಈ ಸಲವೂ ಸುಮ್ಮನಿರುತ್ತಿದ್ದೆ. ಸುಜೀತನೂ, "ಹೋಗಲಿ ಬಿಡು, ನಿಂತು ಬಂದರಾಯಿತು, ನಿಮ್ಮ ಅಣ್ಣ ಅಲ್ಲೇನು" ಎಂದು ಅಂಗಿ ಇಸ್ತ್ರಿಗೆ ಕೊಟ್ಟಿದ್ದ. ಅಷ್ಟರಲ್ಲಿ ನಿಮ್ಮ ಗುಂಪಿನ ಮುಸ್ತಕೀಮ ಅವನನ್ನು ಮಾತಾಡಿಸಲು ಬಂದ, ಹೆಂಡತಿ ಫರಹತಳೂ ಜೊತೆಗಿದ್ದಳು. ಸೋಮವಾರ ಭಾಲ್ಕಿಯ ದೊಡ್ಡ ಮಳೆಮರಕ್ಕೆ ಮುಸ್ತಕೀಮನನ್ನು ಹತ್ತಿಸುತ್ತೀಯಂತೆ. "ಈಗ ಹೆದರಿಕಿ ಇಲ್ಲ ಬಾಜಿ. ಅಣ್ಣಾರ ವಿಡಿಯೋ ನೋಡಿದ್ದೇನಿ. ಎರಡೂ ಹಗ್ಗ ಕಟ್ಕೋತೇನಿ" ಎಂದು ಅಕ್ಕನಿಗೆ ಹೇಳುವಂತೆ ನನಗೆ ಹೇಳಿದ. ಎಲ್ಲಿಗೆ ಕಟ್ಟುತ್ತೀ ಎಂದು ಸುಜೀತ ಕೇಳಿದ. "ಒಂದು ಗಟ್ಟಿ ಟೊಂಗಿಗಿ, ಎರಡೂ ಸೇರಿಸಿ. ಅಣ್ಣಾರು ಹಂಗೇ ಕಲಿಸ್ಯಾರಲ್ಲರಿ" ಎಂದ, ಜಾಣ ಹುಡುಗ ಪಾಠ ಒಪ್ಪಿಸಿದಂತೆ.

ಔರಾದಿನಲ್ಲಿ ಏನಾಯಿತು, ಯಾವ ಹಗ್ಗ ಎಲ್ಲಿಗೆ ಕಟ್ಟಿತ್ತು ಎಂದು ಎಲ್ಲವನ್ನೂ ಸುಜೀತನೇ ಹೇಳಿದ. ಫರಹತ ಕೇಳುತ್ತ ಕೇಳುತ್ತ ತಲೆಯ ಮೇಲಿನ ಸೆರಗು ಬಿಗಿದುಕೊಂಡಳು. "ಬಕರಿಗಿ ಎರಡು ಹಗ್ಗ ಹಾಕಿ ಒಂದೇ ಗೂಟಕ್ಕ ಕಟ್ಟಿದರ, ಗೂಟ ಕಿತ್ತ ಮ್ಯಾಲ ಬಕರಿ ನಿಂದರ್ತದೇನ್ರಿ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, "ಇನ್ನ ಆ ಮನಶ್ಯಾನ ಸಂಗಾಟ ಹೋದಿ ಅಂದರ, ನನ್ನ ಹೆಣದ ಮ್ಯಾಲ ದಾಟಿ ಹೋಗು" ಎಂದಳು. ಮುಸ್ತಕೀಮ ಅಲ್ಲೇ ಕೂತು ಗುಂಪಿನ ಉಳಿದವರಿಗೆ ಫೋನು ಹಚ್ಚಿದ.

ಸುಜೀತ ನಿನ್ನ ಪಕ್ಕದಲ್ಲಿ ಸುಮ್ಮನೆ ನಿಂತರೂ ಸಾಕಿತ್ತು, ನಿನ್ನ ಸುಳ್ಳಿಗೆ ಅವನ ಮುರಿದ ಎಲುಬು ಸಾಕ್ಷಿಯಾಗುತ್ತಿತ್ತು. ಅದನ್ನು ನಂಬಿ ಒಬ್ಬ ಸಾಯುತ್ತಿದ್ದ. ನೀನು ಅವನನ್ನು ಮಣ್ಣು ಮಾಡುವ ಮಯ್ಯತಿಗೂ ಮೊದಲ ಸಾಲಿನಲ್ಲಿ ನಿಂತು ಏನಾದರೂ ಮಾತಾಡುತ್ತಿದ್ದೆ, ನನಗೆ ಗೊತ್ತು.

ಆದ್ದರಿಂದ ರವಿವಾರ ನಾವು ಬರುವುದಿಲ್ಲ. ಸೋಮವಾರ ಭಾಲ್ಕಿಗೆ ಮುಸ್ತಕೀಮನೂ ಬರುವುದಿಲ್ಲ. ಉಳಿದವರಿಗೂ ಅವನೇ ಹೇಳಿ ಮುಗಿಸಿದ್ದಾನೆ, ಅವರೂ ಬರುವುದಿಲ್ಲ. ಭಾಲ್ಕಿಯವರಿಗೆ ಮಾತು ಕೊಟ್ಟವನು ನೀನು, ಹತ್ತುವುದಾದರೆ ನೀನೇ ಹತ್ತು. ಹಗ್ಗಗಳನ್ನು ಬೇರೆ ಬೇರೆ ಟೊಂಗೆಗೆ ಕಟ್ಟು, ಕಟ್ಟುವ ಮೊದಲು ಟೊಂಗೆ ಬಡಿದು ನೋಡು. ಇದನ್ನು ಪ್ರೀತಿ ಎಂದು ತಿಳಿದು ಊರ ಮುಂದೆ ಹೇಳಿಕೊಳ್ಳಬೇಡ. ನೀನು ಬಿದ್ದರೆ ಎದೆ ಬಡಿದುಕೊಂಡು ಅಳುವವಳು ನಾನೇ ಎಂಬುದು ನನಗೆ ಗೊತ್ತಿದೆ. ನಿನ್ನಂಥವನಿಗಾಗಿ ಅಳುತ್ತೇನೆ ಎಂಬುದಕ್ಕೇ ನನಗೆ ನನ್ನ ಮೇಲೆ ಅಸಹ್ಯ.

ದೇವರು ನಿನಗೆ ಆಯುಷ್ಯ ಕೊಡಲಿ, ಬಾಯಿಗೆ ಒಂದಿಷ್ಟು ವಿಶ್ರಾಂತಿಯನ್ನೂ ಕೊಡಲಿ.

ಬೇರೆ ದಾರಿಯಿಲ್ಲದೆ ನಿನ್ನ ತಂಗಿಯಾದ,
ಜೂಲಿ
ಕಮಠಾಣ